ರೈಲಿಲ್ಲದ ನಾಲ್ಕು ಊರು, ಒಂದು ಪುಟ್ಟ ರೈಲು

ಹಾಸ್ಟೆಲ್‌ನಲ್ಲಿ ನಮ್ಮ ನಾಲ್ವರಿಗೂ ಸ್ವಂತ ಹೆಸರಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತಲೇ ಎಲ್ಲರೂ ಕರೀತಾರೆ. ಮೆಸ್ಸಿನ ಭಟ್ಟರೂ ಹಾಗೇ, "ಲೇ ನ್ಯಾಮತಿ, ತಟ್ಟೆ ಎತ್ತಿಡೋ" ಅಂತಾರೆ. ಈ ನಾಲ್ಕೂ ಊರಿಗೆ ಒಂದು ಸಾಮ್ಯ ಇದೆ ಅಂತ ನಮಗೆ ಗೊತ್ತಾಗಿದ್ದು ಕಳೆದ ವರ್ಷ, ದೀಪಾವಳಿ ರಜೆಗೆ ಊರಿಗೆ ಹೊರಟಾಗ. ಬೆಂಗಳೂರು, ಹುಬ್ಬಳ್ಳಿ ಕಡೆಯ ಹುಡುಗರೆಲ್ಲ ಸ್ಟೇಷನ್ನಿಗೆ ಹೋದರು, ನಾವು ನಾಲ್ಕೇ ಜನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ವಿ. ನಮ್ಮ ನಾಲ್ಕು ಊರಿನಲ್ಲೂ ರೈಲು ನಿಲ್ದಾಣ ಇಲ್ಲ.

ಅದಕ್ಕೇ ನಾವು ರೈಲು ಕಟ್ಟೋಕೆ ಕೂತ್ವಿ ಅಂದ್ರೆ ಸಿನಿಮಾ ಡೈಲಾಗ್ ಆಗುತ್ತೆ. ನಿಜವಾದ ಕಾರಣ ಏನಂದ್ರೆ, ಹೊನ್ನಾಳಿ ಒಂದು ರಾತ್ರಿ ನಿದ್ದೆ ಬಾರದೆ ಮಾಡೆಲ್ ರೈಲಿನ ವಿಡಿಯೊ ನೋಡಿದ, ಬೆಳಿಗ್ಗೆ ನಮಗೂ ತೋರಿಸಿದ. ತಲಾ ಎರಡೂವರೆ ಸಾವಿರ ಹಾಕಿ ಹೊರದೇಶದಿಂದ ಒಂದು ಎಂಜಿನ್ ಕಿಟ್ ತರಿಸಿದ್ವಿ. ಆ ದುಡ್ಡು ಎಲ್ಲಿಂದ ಬಂತು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಲೇಖನ ನಮ್ಮ ಅಪ್ಪಂದಿರು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀವಿ.

ಮೊದಲು ಗೇಜ್ ಅಂದ್ರೆ ಏನು ಅಂತ ಹೇಳಿಬಿಡ್ತೀವಿ. ಎರಡು ಹಳಿಗಳ ಒಳ ಅಂಚಿನ ನಡುವಿನ ದೂರವೇ ಗೇಜ್. ದಾವಣಗೆರೆ ಸ್ಟೇಷನ್ನಿನಲ್ಲಿ ಕಾಣೋದು ಬ್ರಾಡ್ ಗೇಜ್, 1676 ಮಿಲಿಮೀಟರ್, ಅಂದರೆ ಸರಿಯಾಗಿ ಐದೂವರೆ ಅಡಿ. ನ್ಯಾಮತಿಯ ಎತ್ತರವೂ ಅಷ್ಟೇ. ಮೀಟರ್ ಗೇಜ್ ಹೆಸರೇ ಹೇಳೋ ಹಾಗೆ 1000 ಮಿಲಿಮೀಟರ್. ಅದಕ್ಕಿಂತ ಕಿರಿದಾದದ್ದು ನ್ಯಾರೋ ಗೇಜ್. ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ಎರಡು ಅಳತೆ: 762, ಅಂದರೆ ಎರಡೂವರೆ ಅಡಿ, ಮತ್ತು 610, ಅಂದರೆ ಎರಡಡಿ. ಕಾಲ್ಕಾ–ಶಿಮ್ಲಾ ಮೊದಲನೆಯದು, ಡಾರ್ಜಿಲಿಂಗ್ ಮತ್ತು ಮಾಥೇರಾನ್ ಎರಡನೆಯದು. ಊಟಿ ರೈಲನ್ನೂ ಎಲ್ಲರೂ ಇದೇ ಪಟ್ಟಿಗೆ ಸೇರಿಸ್ತಾರೆ, ಆದರೆ ಅದು ಮೀಟರ್ ಗೇಜ್. ನಮ್ಮ ಕ್ವಿಜ್ ಕ್ಲಬ್ಬಿನವರು ಇದನ್ನು ಗಮನಿಸಬೇಕು, ಹೋದ ಸಲ ನಮಗೆ ತಪ್ಪಾಗಿ ಮಾರ್ಕ್ಸ್ ಕಳೆದಿದ್ದರು.

ಕರ್ನಾಟಕದಲ್ಲೂ ಎರಡೂ ಇದ್ದವು. ಚನ್ನಗಿರಿಗೆ ಪಕ್ಕದಲ್ಲೇ ಇರೋ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಗೇಜಿನ ಟ್ರಾಮ್ ಓಡ್ತಿತ್ತು. ಎರಡೂವರೆ ಅಡಿಯದ್ದು ಯಲಹಂಕದಿಂದ ಬಂಗಾರಪೇಟೆವರೆಗೆ: ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ. ಇದರ ಬಂಗಾರಪೇಟೆ–ಕೋಲಾರ ತುಂಡು 1913ರಲ್ಲಿ ಶುರುವಾಯಿತು, ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಆಮೇಲೆ ತುಂಡು ತುಂಡಾಗಿ ಬ್ರಾಡ್ ಗೇಜ್ ಆಗುತ್ತಾ ಬಂದು, ಕೊನೆಗೆ ಕೋಲಾರ–ಚಿಕ್ಕಬಳ್ಳಾಪುರದ ಭಾಗವೂ 2013ರಲ್ಲಿ ಬ್ರಾಡ್ ಗೇಜ್ ಆಯ್ತು. ನಾವು ಆರಿಸಿಕೊಂಡಿದ್ದು ಇದೇ ಲೈನು. ಯಾಕೆ ಅಂದ್ರೆ ಜಗಳೂರಿನ ದೊಡ್ಡಪ್ಪ ಅದರಲ್ಲಿ ಓಡಾಡಿದವರು. ಎಂಬತ್ತರ ದಶಕದಲ್ಲಿ ಅವರು ಶ್ರೀನಿವಾಸಪುರದ ಕಡೆ ಮೇಷ್ಟ್ರಾಗಿದ್ದರು.

ನಿಜವಾದ ರೈಲಿನಲ್ಲಿ ನ್ಯಾರೋ ಗೇಜ್ ಮಾಡಿದ ಕಾರಣವೂ, ಹಾಸ್ಟೆಲ್ ಮೇಜಿನ ಮೇಲೆ ನಾವು ಮಾಡಿದ ಕಾರಣವೂ ಒಂದೇ: ಜಾಗ ಮತ್ತು ದುಡ್ಡು. ಗೇಜ್ ಕಿರಿದಾದಷ್ಟೂ ತಿರುವು ಬಿಗಿ ಮಾಡಬಹುದು, ಗುಡ್ಡ ಕಡಿಯೋದು ಕಮ್ಮಿ, ಸೇತುವೆ ಹಗುರ. ನಮ್ಮ ಹಲಗೆ 90 ಸೆಂಟಿಮೀಟರ್ ಉದ್ದ, 60 ಅಗಲ. ಅದರ ಮೇಲೆ ಮಾಮೂಲಿ ಮಾಡೆಲ್ ರೈಲು ಒಂದು ಸುತ್ತೂ ಹಾಕಲ್ಲ. ನ್ಯಾರೋ ಗೇಜಿನ ಮಾಡೆಲ್ ಹಳಿಯನ್ನು 228 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗಿಸಬಹುದು, ಆಗ ಪೂರ್ತಿ ವೃತ್ತದ ಅಗಲ 456 ಮಿಲಿಮೀಟರ್. ಹಲಗೆ ಮೇಲೆ ಕೂತು ಇನ್ನೂ ಸ್ಟೇಷನ್ನಿಗೆ ಜಾಗ ಉಳಿಯುತ್ತೆ.

ಸ್ಕೇಲ್ ಲೆಕ್ಕದಲ್ಲಿ ಒಂದು ಜಾಣತನ ಇದೆ. ಎನ್ ಗೇಜ್ ಅನ್ನೋ ಅತಿ ಸಣ್ಣ ಮಾಡೆಲ್ ರೈಲಿನ ಹಳಿ 9 ಮಿಲಿಮೀಟರ್. ಅದೇ ಹಳಿ, ಅದೇ ಚಕ್ರ ಇಟ್ಟುಕೊಂಡು, ಮೇಲಿನ ಬಾಡಿ ಮಾತ್ರ ದೊಡ್ಡ ಸ್ಕೇಲಿನಲ್ಲಿ, 87ಕ್ಕೆ ಒಂದರಂತೆ ಮಾಡಿದರೆ? 9 ಗುಣಿಸು 87, ಬರೋದು 783. ಬೇಕಾದ್ದು 762. ಮೂರು ಪರ್ಸೆಂಟಿಗಿಂತ ಕಮ್ಮಿ ತಪ್ಪು, ನಮ್ಮ ಫಿಸಿಕ್ಸ್ ಲ್ಯಾಬ್ ರೀಡಿಂಗಿಗಿಂತ ವಾಸಿ. ತರೀಕೆರೆಯ ಎರಡಡಿ ಟ್ರಾಮ್ ಮಾಡೋಕೆ ಹೊರಟಿದ್ದರೆ ಇದೇ ಹಳಿ 28 ಪರ್ಸೆಂಟ್ ತಪ್ಪು ತೋರಿಸ್ತಿತ್ತು. ಕೋಲಾರ ಲೈನ್ ಆರಿಸೋಕೆ ಅದೂ ಒಂದು ಕಾರಣ. ತಿರುವಿನಲ್ಲಿ ಮಾತ್ರ ನಾವು ಮೋಸ ಮಾಡಿದೀವಿ. 228 ಮಿಲಿಮೀಟರ್ ಅಂದರೆ ನಿಜದಲ್ಲಿ 20 ಮೀಟರ್ ಆಯಿತು. ಕಾಲ್ಕಾ–ಶಿಮ್ಲಾದ ಅತಿ ಬಿಗಿ ತಿರುವೇ ಸುಮಾರು 37 ಮೀಟರ್. ನೋಡೋರು ಯಾರೂ ಟೇಪ್ ತರಲ್ಲ ಅಂತ ಬಿಟ್ಟುಬಿಟ್ವಿ.

ಈಗ ಕಿಟ್. ಡಬ್ಬಿ ತೆರೆದಾಗ ಎಂಜಿನ್ ಇರಲಿಲ್ಲ, ಹಿತ್ತಾಳೆಯ ಎರಡು ತೆಳ್ಳಗಿನ ಹಾಳೆ ಇದ್ದವು. ಅದರೊಳಗೆ ಕಿಟಕಿ, ಬಾಗಿಲು, ಪಕ್ಕದ ಗೋಡೆ ಎಲ್ಲ ಅಕ್ಕಿಹಪ್ಪಳದಲ್ಲಿ ಕತ್ತರಿಸಿಟ್ಟ ಹಾಗೆ ಸಣ್ಣ ಸಣ್ಣ ಕೊಂಡಿಗಳಲ್ಲಿ ನೇತಾಡ್ತಿದ್ದವು. ಮಾಡೋ ವಿಧಾನ ಪಿಸಿಬಿ ಮಾಡೋದೇ. ಹಾಳೆಗೆ ಬೆಳಕಿಗೆ ಸ್ಪಂದಿಸೋ ಪದರ ಹಚ್ಚಿ, ಚಿತ್ರ ಮೂಡಿಸಿ, ರಾಸಾಯನಿಕದಲ್ಲಿ ಬೇಡವಾದ ಲೋಹ ತಿನ್ನಿಸೋದು. ಎರಡೂ ಕಡೆಯಿಂದ ತಿನ್ನಿಸಿದ್ರೆ ತೂತು, ಒಂದೇ ಕಡೆಯಿಂದ ಅರ್ಧ ತಿನ್ನಿಸಿದ್ರೆ ಗೆರೆ. ಆ ಅರ್ಧ ಗೆರೆಯೇ ಮಡಿಕೆಯ ಜಾಗ. ಮಡಚುವಾಗ ಗೆರೆ ಒಳಗಡೆ ಬರಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ನಾವು ಮೊದಲನೆಯದನ್ನೇ ಉಲ್ಟಾ ಮಡಚಿ, ವಾಪಸ್ ಮಡಚಿ, ಮೂರನೇ ಸಲಕ್ಕೆ ಅದು ಪಟಕ್ ಅಂತ ಎರಡಾಯ್ತು.

ಬೆಸುಗೆಗೆ ಹೊನ್ನಾಳಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ 25 ವಾಟಿನ ಐರನ್ ಹಿಡಿದು ಬಂದ. ಅದು ಆಗಲಿಲ್ಲ. ರೆಸಿಸ್ಟರ್ ಕಾಲು ಬೇರೆ, ಹಿತ್ತಾಳೆ ಹಾಳೆ ಬೇರೆ. ಇಡೀ ಹಾಳೆ ಶಾಖ ಹೀರಿಕೊಂಡು ಹಂಚಿಬಿಡುತ್ತೆ, ಸೋಲ್ಡರ್ ಕರಗದೆ ಮುದ್ದೆಯಾಗಿ ಕೂರುತ್ತೆ. 60 ವಾಟಿನದ್ದು ತಂದ ಮೇಲೆ ಸರಿಹೋಯ್ತು. ಕೆಳಗೆ ಟೈಲ್ಸ್ ಇಡಬೇಡಿ, ಅದೂ ಶಾಖ ಕುಡಿಯುತ್ತೆ, ಮರದ ಹಲಗೆ ಇಡಿ. ಎರಡೂ ತುಂಡನ್ನು ಸ್ಯಾಂಡ್ ಪೇಪರ್‌ನಿಂದ ಹೊಳೆಯೋವರೆಗೆ ಉಜ್ಜಿ, ದ್ರವ ಫ್ಲಕ್ಸ್ ಒಂದು ಹನಿ ಬಿಟ್ಟು, ಮೊದಲು ಮೂಲೆಯಲ್ಲಿ ಒಂದೇ ಚುಕ್ಕೆ ಬೆಸುಗೆ ಹಾಕಿ. ಮಟ್ಟಗೋಲಿಟ್ಟು ನೋಡಿ. ನೇರ ಇದ್ದರೆ ಮಾತ್ರ ಉಳಿದದ್ದು. ಸೋಲ್ಡರ್ ತಾನೇ ಸಂದಿಯೊಳಗೆ ಹರಿದು ಹೋಗೋದನ್ನು ನೋಡೋದೇ ಒಂದು ಸುಖ. ಕಿಟಕಿ ತೆಗೆದಿಡಿ, ಮುಗಿದ ಮೇಲೆ ಕೈ ತೊಳೀರಿ, ಅದರಲ್ಲಿ ಸೀಸ ಇದೆ.

ನಾಲ್ಕು ದಿನ ಎಲ್ಲ ಚೆನ್ನಾಗಿ ನಡೀತು. ಐದನೇ ದಿನ ಚಿಮಣಿ.

ಚಿಮಣಿ, ಗುಮ್ಮಟ, ದೀಪ ಇವೆಲ್ಲ ದುಂಡಗಿನ ಭಾಗ. ಇವನ್ನು ಹಾಳೆಯಲ್ಲಿ ಮಾಡೋಕಾಗಲ್ಲ, ವೈಟ್ ಮೆಟಲ್‌ನಲ್ಲಿ ಎರಕ ಹೊಯ್ದು ಕೊಟ್ಟಿರ್ತಾರೆ. ನೋಡೋಕೆ ಗಟ್ಟಿ ಲೋಹ. ಆದರೆ ಅದು ತವರ, ಸೀಸಗಳ ಮಿಶ್ರಣ, ಸೋಲ್ಡರಿನ ಅಣ್ಣತಮ್ಮನೇ. ಹಿತ್ತಾಳೆ ಕರಗೋಕೆ 900 ಡಿಗ್ರಿ ಮೇಲೆ ಬೇಕು, ಇದಕ್ಕೆ 200–250 ಸಾಕು. ನಮ್ಮ ಐರನ್ ತುದಿ 350ರಲ್ಲಿತ್ತು. ಚನ್ನಗಿರಿ ತುದಿ ಮುಟ್ಟಿಸಿದ್ದಷ್ಟೇ, ಚಿಮಣಿ ಬಾಯ್ಲರ್ ಮೇಲೆ ತುಪ್ಪದ ಹಾಗೆ ಹರಿದುಹೋಯ್ತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದ್ವಿ. ಏನೇನಂದ್ವಿ ಅನ್ನೋದನ್ನು ಸಂಪಾದಕರು ಹಾಕಲ್ಲ. ಎರಡು ದಿನ ಚನ್ನಗಿರಿ ನಮ್ಮ ಜೊತೆ ಊಟಕ್ಕೆ ಬರಲಿಲ್ಲ. ಹತ್ತು ಸಾವಿರದ ಕಿಟ್, ಇನ್ನೊಂದು ಚಿಮಣಿ ಎಲ್ಲೂ ಸಿಗಲ್ಲ.

ಮೂರನೇ ದಿನ ಅವನೇ ಬಂದು ಮೇಜಿನ ಮೇಲೆ ಏನೋ ಇಟ್ಟ. ಹಿತ್ತಾಳೆ ಚಿಮಣಿ, ಹನ್ನೆರಡು ಮಿಲಿಮೀಟರ್ ಎತ್ತರ, ತುದಿಯಲ್ಲಿ ಕಂಠದ ಹಾಗೆ ಅಂಚು. ವರ್ಕ್‌ಶಾಪಿನ ಮೇಷ್ಟ್ರನ್ನು ಕಾಡಿ ಬೇಡಿ, ಮಧ್ಯಾಹ್ನ ಲೇತ್ ಮೇಲೆ ತಿರುಗಿಸಿಕೊಂಡು ಬಂದಿದ್ದ. ಮೊದಲ ಮೂರು ಚಿಮಣಿ ಹಾಳಾಗಿ ನಾಲ್ಕನೆಯದು ಇದಂತೆ. ಕಿಟ್‌ನಲ್ಲಿ ಬಂದದ್ದಕ್ಕಿಂತ ಇದೇ ಚೆನ್ನಾಗಿದೆ ಅಂತ ನಾವು ಈಗಲೂ ಹೇಳ್ತೀವಿ, ಮತ್ತು ಅದು ಅವನನ್ನು ಸಮಾಧಾನ ಮಾಡೋಕಲ್ಲ. ನೀವು ಮಾಡೋದಾದರೆ ವೈಟ್ ಮೆಟಲ್‌ಗೆ 70 ಡಿಗ್ರಿಗೇ ಕರಗೋ ಬೇರೆ ಸೋಲ್ಡರ್ ಇದೆ, ಅದನ್ನು ತಣ್ಣಗಿನ ಐರನ್‌ನಿಂದ ಹಾಕಬೇಕು. ಇಲ್ಲದಿದ್ದರೆ ಸುಮ್ಮನೆ ಅರಾಲ್ಡೈಟ್ ಹಚ್ಚಿ. ಮರ್ಯಾದೆಗೇನೂ ಕಮ್ಮಿಯಿಲ್ಲ.

ಎಂಜಿನ್ನಿನ ಕೆಳಗೆ ಇರೋದು ಜಪಾನಿನ ಕಾಟೋ ಕಂಪನಿಯ ಸಣ್ಣ ಎನ್ ಗೇಜ್ ಚಾಸಿ, ಮೋಟರ್ ಸಮೇತ. ಬಾಡಿಯನ್ನು ಅದರ ಮೇಲೆ ಟೋಪಿ ಥರ ಕೂರಿಸೋದು. ಬೋಗಿಗಳ ಕಿಟ್ ತರಿಸೋಕೆ ದುಡ್ಡಿರಲಿಲ್ಲ, ಹಾಗಾಗಿ ಸಿವಿಲ್ ಓದೋ ನ್ಯಾಮತಿ ಕಂಪ್ಯೂಟರಿನಲ್ಲಿ ಗೀಚಿ, ಕಾಲೇಜಿನ ಲೇಸರ್ ಕಟ್ಟರಿನಲ್ಲಿ ಒಂದು ಮಿಲಿಮೀಟರ್ ರಟ್ಟು ಕತ್ತರಿಸಿದ. ರಟ್ಟಿನ ಅಂಚಿಗೆ ಫೆವಿಕ್ವಿಕ್ ಕುಡಿಸಿ ಒಣಗಿಸಿ ಉಜ್ಜಿದರೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗುತ್ತೆ.

ಇನ್ನು ಬಣ್ಣ. ನಮ್ಮ ಪ್ರಕಾರ ಕಟ್ಟೋದಕ್ಕಿಂತ ಬಣ್ಣ ಕಷ್ಟ. ಮೊದಲು ಸ್ನಾನ: ಪಾತ್ರೆ ತೊಳೆಯೋ ಸೋಪು, ಹಳೇ ಟೂತ್ ಬ್ರಷ್, ಬೆಚ್ಚಗಿನ ನೀರು. ಫ್ಲಕ್ಸ್ ಸ್ವಲ್ಪ ಉಳಿದರೂ ಎರಡು ತಿಂಗಳಾದ ಮೇಲೆ ಅಲ್ಲಿ ಹಸಿರು ಪುಡಿ ಎದ್ದು ಬಣ್ಣ ಸಿಪ್ಪೆಯಾಗುತ್ತೆ. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಆಮೇಲೆ ಬೂದು ಪ್ರೈಮರ್, ಬೈಕಿಗೆ ಹೊಡೆಯೋ ಸ್ಪ್ರೇ ಡಬ್ಬಿಯೇ ಸಾಕು. 25 ಸೆಂಟಿಮೀಟರ್ ದೂರದಿಂದ, ಮಾಡೆಲ್ಲಿನ ಆಚೆಯೇ ಶುರು ಮಾಡಿ, ಮೇಲೆ ಹಾಯಿಸಿ, ಈಚೆ ದಾಟಿ ನಿಲ್ಲಿಸೋದು. ಒಂದೇ ಸಲಕ್ಕೆ ಮುಚ್ಚೋಕೆ ಹೋಗಬೇಡಿ. ತೆಳುವಾಗಿ ಮೂರು ಸಲ.

ನಾವು ಇದನ್ನೆಲ್ಲ ಸರಿಯಾಗೇ ಮಾಡಿದ್ವಿ. ಆದರೆ ಜುಲೈ ತಿಂಗಳಲ್ಲಿ, ಹಾಸ್ಟೆಲ್ ಟೆರೇಸಿನಲ್ಲಿ, ಜಿಟಿಜಿಟಿ ಮಳೆ ನಿಂತ ಹತ್ತು ನಿಮಿಷಕ್ಕೆ. ಕಪ್ಪು ಬಣ್ಣ ಒಣಗುತ್ತಾ ಒಣಗುತ್ತಾ ಬೆಳ್ಳಗಾಯ್ತು, ವಿಭೂತಿ ಬಳಿದ ಹಾಗೆ. ಥರ್ಮೋಡೈನಾಮಿಕ್ಸ್ ಓದಿದವರಿಗೆ ಕಾರಣ ಹೊಳೆದಿರುತ್ತೆ. ಸ್ಪ್ರೇಯಲ್ಲಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯಿಂದ ಶಾಖ ಎಳೆದುಕೊಳ್ಳುತ್ತೆ, ಮೇಲ್ಮೈ ತಣ್ಣಗಾಗುತ್ತೆ, ತೇವದ ಗಾಳಿಯಲ್ಲಿನ ನೀರು ಒದ್ದೆ ಬಣ್ಣದ ಮೇಲೇ ಇಳಿದು ಸಿಕ್ಕಿಹಾಕಿಕೊಳ್ಳುತ್ತೆ. ಲೋಟದಲ್ಲಿ ಐಸ್ ಹಾಕಿದಾಗ ಹೊರಗೆ ಬೆವರೋ ಕಥೆಯೇ. ಬಣ್ಣವೆಲ್ಲ ತೆಗೆದು ಮತ್ತೆ ಸ್ನಾನ.

"ನಮ್ಮೂರಿಗೆ ಹೋಗೋಣ ಬನ್ರಲೇ" ಅಂದ ಜಗಳೂರು. "ಅಲ್ಲಿ ಮಳೆ ಅನ್ನೋ ಪದಾನೇ ಇಲ್ಲ."

ಜಿಲ್ಲೆ ಒಂದೇ, ಆದರೆ ಹವೆ ಒಂದಲ್ಲ. ನ್ಯಾಮತಿ ಶಿವಮೊಗ್ಗದ ಮಗ್ಗುಲು, ಅರೆಮಲೆನಾಡು. ಚನ್ನಗಿರಿ ಅಡಿಕೆ ತೋಟ. ಹೊನ್ನಾಳಿಗೆ ತುಂಗಭದ್ರೆ. ಜಗಳೂರು ಮಾತ್ರ ಚಿತ್ರದುರ್ಗದ ಕಡೆಯ ಬಯಲುಸೀಮೆ. ಶನಿವಾರ ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದ್ವಿ. ಇಳಿದಾಗ ಆಕಾಶ ತೊಳೆದಿಟ್ಟ ಹಾಗೆ ನೀಲಿ, ಒಂದು ಮೋಡ ಇಲ್ಲ. ನಾವು ಮೂವರು ಖುಷಿಯಿಂದ ಕುಣಿದಾಡಿದ್ವಿ, "ಸೂಪರ್ ಬಿಸಿಲು ಮಗಾ!" ಅಂತ ಹೊನ್ನಾಳಿ ಕೂಗಿದ. ಮನೆ ಮುಂದಿನ ಕಟ್ಟೆ ಮೇಲೆ ಜಗಳೂರಿನ ಅಪ್ಪ ಕೂತಿದ್ದರು. ಅವರೂ ಅದೇ ಆಕಾಶ ನೋಡ್ತಿದ್ದರು. ಮೆಕ್ಕೆಜೋಳ ಬಿತ್ತಿ ತಿಂಗಳಾಗಿತ್ತು, ಹತ್ತೊಂಬತ್ತು ದಿನದಿಂದ ಹನಿ ಬಿದ್ದಿರಲಿಲ್ಲ. ಗರಿಗಳೆಲ್ಲ ಸುರುಳಿ ಸುತ್ತಿಕೊಂಡು ನಿಂತಿದ್ದವು. ನಮ್ಮ ಸದ್ದು ತಾನಾಗೇ ಇಳಿಯಿತು. ಅವರು ಮಾತ್ರ "ಬನ್ರಪ್ಪಾ, ಊಟ ಮಾಡ್ರಿ, ಆಮೇಲೆ ನಿಮ್ಮ ಬಣ್ಣ ಹೊಡ್ಕಳ್ರಿ. ಬಿಸಿಲಿಗೇನು ಬರ ಇಲ್ಲ" ಅಂದರು. ಜಗಳೂರು ತಲೆ ತಗ್ಗಿಸಿ ಡಬ್ಬಿಯ ದಾರ ಬಿಚ್ಚುತ್ತಾ ಕೂತ. ಅವತ್ತು ಅವನೇ ಬಣ್ಣ ಹೊಡೆಯಲಿ ಅಂತ ನಾವು ಬಿಟ್ಟುಬಿಟ್ವಿ. ಮೂರು ಪದರ, ಒಂದೂ ಸೋರಲಿಲ್ಲ, ಒಂದೂ ಬೆಳ್ಳಗಾಗಲಿಲ್ಲ. ಮಳೆ ಆಮೇಲೆ ಬಂತು, ಆಗಸ್ಟ್ ಮಧ್ಯದಲ್ಲಿ. ಅರ್ಧ ಹೊಲ ಉಳೀತು ಅಂತ ಅವನು ಹೇಳಿದ.

ಎಂಜಿನ್ನಿಗೆ ಅಚ್ಚ ಕಪ್ಪು ಬಳಿಯಬೇಡಿ. ಸಣ್ಣ ವಸ್ತುವಿನ ಮೇಲೆ ಬಣ್ಣ ಹೆಚ್ಚು ಗಾಢವಾಗಿ ಕಾಣುತ್ತೆ, ಅದಕ್ಕೆ ಕಪ್ಪಿಗೆ ಸ್ವಲ್ಪ ಬೂದು ಬೆರೆಸಬೇಕು. ಬೋಗಿಗಳ ಬಣ್ಣದ ಬಗ್ಗೆ ನಮ್ಮಲ್ಲಿ ಜಗಳ ಇತ್ತು, ಹಾಗಾಗಿ ದೊಡ್ಡಪ್ಪನನ್ನೇ ಕೇಳಿದ್ವಿ. "ಬೋಗಿ ಯಾವ ಬಣ್ಣ ಇತ್ತು ದೊಡ್ಡಪ್ಪಾ?"

"ಇಟ್ಟಿಗೆ ಬಣ್ಣ ಇತ್ತೇನೋ. ಬಣ್ಣ ಯಾರು ನೋಡಿದ್ರಪ್ಪಾ, ಜಾಗ ಸಿಕ್ಕರೆ ಸಾಕಾಗಿತ್ತು. ಧೂಳು ಬಣ್ಣ ಅಂತ ಬಳೀರಿ."

ತಮಾಷೆಗೆ ಹೇಳಿದರೋ ಏನೋ, ಆದರೆ ಮಾಡೆಲ್ ಮಾಡೋರು ಕೊನೆಗೆ ಮಾಡೋದು ಅದನ್ನೇ. ಹೊಸ ಬಣ್ಣದ ಮಾಡೆಲ್ ಆಟದ ಸಾಮಾನಿನ ಹಾಗೆ ಕಾಣುತ್ತೆ. ಅದನ್ನು ಹಳೆಯದು ಮಾಡಬೇಕು. ಇಟ್ಟಿಗೆ ಕೆಂಪು ಹೊಡೆದು, ಒಂದು ದಿನ ಬಿಟ್ಟು, ತುಂಬಾ ನೀರಾದ ಕಂದು ಬಣ್ಣ ಹಚ್ಚಿ ತಕ್ಷಣ ಬಟ್ಟೆಯಲ್ಲಿ ಒರೆಸಿದ್ವಿ, ಸಂದಿಗಳಲ್ಲಿ ಮಾತ್ರ ಉಳೀತು. ಆಮೇಲೆ ಹೊಲದ ಕೆಂಪು ಮಣ್ಣನ್ನು ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಮೆತ್ತನೆ ಬ್ರಷ್‌ನಿಂದ ಕೆಳಭಾಗಕ್ಕೆ ಹಚ್ಚಿ, ಮ್ಯಾಟ್ ವಾರ್ನಿಷ್ ಹಾಯಿಸಿದ್ವಿ. ಮಣ್ಣು ಬಳಸೋ ಮುಂಚೆ ಅದರೊಳಗೆ ಒಂದು ಅಯಸ್ಕಾಂತ ಆಡಿಸಿ. ಎಷ್ಟು ಕಬ್ಬಿಣದ ಪುಡಿ ಅಂಟಿಕೊಳ್ಳುತ್ತೆ ಅಂತ ನೋಡಿ ನಿಮಗೇ ಆಶ್ಚರ್ಯ ಆಗುತ್ತೆ. ಅದು ಮೋಟರಿನೊಳಗೆ ಹೋದರೆ ಕಥೆ ಮುಗೀತು. ಹಳಿಯ ಕೆಳಗಿನ ಜಲ್ಲಿಯೂ ಇದೇ ಮಣ್ಣಿನ ದಪ್ಪ ಕಾಳು. ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ಹನಿ ಸೋಪು ಸೇರಿಸಿ ಡ್ರಾಪರ್‌ನಲ್ಲಿ ಬಿಟ್ಟರೆ ಒಳಗಿಳಿದು ಗಟ್ಟಿಯಾಗುತ್ತೆ. ಸೋಪಿಲ್ಲದಿದ್ದರೆ ಹನಿ ಮೇಲೇ ಗುಂಡಗೆ ಕೂರುತ್ತೆ.

ದೊಡ್ಡಪ್ಪನಿಗೆ ನೆನಪಿದ್ದ ಇನ್ನೊಂದು ಸಂಗತಿ ಮಾವಿನ ಬುಟ್ಟಿ. ಶ್ರೀನಿವಾಸಪುರದಲ್ಲಿ ಬೇಸಿಗೆ ಬಂದರೆ ಕಾಲಿಡೋ ಕಡೆಯೆಲ್ಲ ಬುಟ್ಟಿಯಂತೆ. ಮಾವಿನಹಣ್ಣು 87ರಲ್ಲಿ ಒಂದು ಭಾಗ ಆದರೆ ಎಷ್ಟು? ಸುಮಾರು ಒಂದು ಮಿಲಿಮೀಟರ್ ಚಿಲ್ಲರೆ. ಅಡುಗೆಮನೆಯಲ್ಲಿ ಹುಡುಕಿದ್ವಿ. ಸಾಸಿವೆ ದೊಡ್ಡದಾಯ್ತು, ಗಸಗಸೆ ಸಣ್ಣದಾಯ್ತು, ರಾಗಿ ಸರಿಹೋಯ್ತು. ಹಳದಿ ಬಳಿದ ರಾಗಿಕಾಳು ನಮ್ಮ ಪ್ಲಾಟ್‌ಫಾರಂ ಮೇಲೆ ಈಗ ಹನ್ನೊಂದು ಬುಟ್ಟಿ ಇವೆ.

ಓಡಿಸೋದು ಹೊನ್ನಾಳಿಯ ಇಲಾಖೆ. 12 ವೋಲ್ಟ್ ಡಿಸಿ, ಆರ್ಡುಯಿನೊ, ಒಂದು ಮೋಟರ್ ಡ್ರೈವರ್. ವೋಲ್ಟೇಜ್ ತುಂಬಾ ಇಳಿಸಿದರೆ ಮೋಟರ್ ನಿಧಾನವಾಗಿ ತಿರುಗೋ ಬದಲು ನಿಂತೇ ಬಿಡುತ್ತೆ. ಅದಕ್ಕೆ ಪೂರ್ತಿ ವೋಲ್ಟೇಜನ್ನೇ ಸಣ್ಣ ಸಣ್ಣ ತುಣುಕಾಗಿ ಕೊಡೋದು, ಅಂದರೆ ಪಿಡಬ್ಲ್ಯುಎಂ. ವೇಗದ ಲೆಕ್ಕವನ್ನೂ ಮಾಡಿದ್ವಿ: ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ 6.94 ಮೀಟರ್, 87ರಿಂದ ಭಾಗಿಸಿದರೆ 8 ಸೆಂಟಿಮೀಟರ್. ಅಷ್ಟಕ್ಕೇ ಸೆಟ್ ಮಾಡಿ, ಎರಡನೇ ಸಲ ಜಗಳೂರಿಗೆ ಹೋದಾಗ ಪಡಸಾಲೆಯಲ್ಲಿ ಓಡಿಸಿ ತೋರಿಸಿದ್ವಿ. ಮೊದಲ ಸುತ್ತಿನಲ್ಲೇ ಬೋಗಿಯ ಮೆಟ್ಟಿಲು ಚಕ್ರಕ್ಕೆ ತಾಗಿ ತಿರುವಿನಲ್ಲಿ ಮಗುಚಿತು. ಬ್ಲೇಡಿನಲ್ಲಿ ಅರ್ಧ ಮಿಲಿಮೀಟರ್ ಕೊಯ್ದು ಮತ್ತೆ ಬಿಟ್ವಿ. ಸುತ್ತಿತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೆಲದ ಮೇಲೇ ಕೂತು ಆರು ಸುತ್ತು ನೋಡಿದರು.

"ಚೆನ್ನಾಗೈತಪ್ಪ. ಆದ್ರೆ ಇಷ್ಟು ಜೋರಾಗಿ ಅದು ಯಾವತ್ತೂ ಹೋಗಲಿಲ್ಲ."

ಹೊನ್ನಾಳಿ ಇಳಿಸಿದ. ಇನ್ನೂ ಅಂದರು. ಇನ್ನೂ ಇಳಿಸಿದ. ರೈಲು ಹುಳು ಹರಿದ ಹಾಗೆ ಸ್ಟೇಷನ್ ದಾಟುವಾಗ "ಹಾಂ, ಹಿಂಗೆ" ಅಂದರು. ಅಳೆದು ನೋಡಿದ್ವಿ, ಸೆಕೆಂಡಿಗೆ 4 ಸೆಂಟಿಮೀಟರ್. ಕಂಟ್ರೋಲರ್ ನಾಬ್ ಪಕ್ಕದಲ್ಲಿ ಅಲ್ಲೊಂದು ಗೆರೆ ಎಳೆದು ಮಾರ್ಕರ್‌ನಲ್ಲಿ 'ದೊಡ್ಡಪ್ಪ' ಅಂತ ಬರೆದಿದೀವಿ.

ಲೇಔಟ್ ಈಗ ಕನ್ನಡ ಸಂಘದ ಕೋಣೆಯಲ್ಲಿ, ಬೀರುವಿನ ಮೇಲಿದೆ. ಎರಡನೇ ಬೋಗಿ ಅರ್ಧ ಆಗಿದೆ. ಸ್ಟೇಷನ್ನಿನ ಹಳದಿ ಬೋರ್ಡಿಗೆ ಊರಿನ ಹೆಸರು ಬರೆಯೋದು ಬಾಕಿ ಇದೆ, ಯಾವ ಊರಿನ ಹೆಸರು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ಶ್ರೀನಿವಾಸಪುರ ಅಂತ ಮೂವರು, ನ್ಯಾಮತಿ ಅಂತ ಒಬ್ಬ. ಶನಿವಾರ ನಾಲ್ಕು ಗಂಟೆ ಮೇಲೆ ಕೋಣೆ ತೆರೆದಿರುತ್ತೆ. ಬರೋರು ಹಳೇ ಟೂತ್ ಬ್ರಷ್ ನೀವೇ ತನ್ನಿ.